ತಂತಿ ಇಲ್ಲದ ಮನೆಗೆ ಜೋಯಿಡಾದ ಲೆಕ್ಕ

ಕಾಡಂಚಿನಲ್ಲಿ ನಾಲ್ಕೆಕರೆ ಕೊಂಡು, ಮಾಡಿನ ಮೇಲೆ ಸೋಲಾರ್ ಹಾಕಿಸಿ, ಕರೆಂಟ್ ಬಿಲ್ಲಿನ ಗೊಡವೆಯಿಲ್ಲದೆ ಬದುಕುವ ಆಸೆ ಈಗ ಅನೇಕ ಪೇಟೆಯವರಿಗಿದೆ. ಉತ್ತರ ಕನ್ನಡದ ಜೋಯಿಡಾದಲ್ಲಿ ಇಂಥ ಬದುಕು ಯಾರ ಕನಸೂ ಆಗಿರಲಿಲ್ಲ, ಪಾಲಿಗೆ ಬಂದದ್ದಾಗಿತ್ತು. ಗಣೇಶಗುಡಿ ಬಳಿ ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಎದ್ದು ಹಳೆಯ ಸೂಪಾ ಪಟ್ಟಣವೇ ಮುಳುಗಿತು. ಆ ನೀರು ಅಂಬಿಕಾನಗರ ಹತ್ತಿರದ ನಾಗಝರಿಯಲ್ಲಿ ವಿದ್ಯುತ್ತಾಗಿ ದೂರದ ಊರುಗಳಿಗೆ ಹೋಯಿತು. ಕಾಡೊಳಗಿನ ಎಷ್ಟೋ ಮನೆಗಳಲ್ಲಿ ಚಿಮಣಿ ಬುಡ್ಡಿಯೇ ಉಳಿಯಿತು. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವಾದ ಮೇಲಂತೂ ಕಾಡಿನಲ್ಲಿ ಕಂಬ ನೆಡುವುದು ಇನ್ನೂ ಕಷ್ಟ. ತನ್ನ ಕಾಲ ಮೇಲೆ ನಿಲ್ಲುವ ಮನೆಗೆ ಏನೇನು ಬೇಕೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಇಲ್ಲಿ ನೋಡಿದರೆ, ಒಂಟಿ ಮನೆಯೊಂದು ಸ್ವಾವಲಂಬಿಯಾಗುವುದು ಹೆಚ್ಚುಕಡಿಮೆ ಆಗದ ಮಾತು.

ಮೊದಲು ಮಳೆಗಾಲದ ಲೆಕ್ಕ. ಒಂದು ಕಿಲೋವ್ಯಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿದ್ದ ದಿನ ಸುಮಾರು 4 ಯೂನಿಟ್ ಕೊಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋಯಿಡಾದಲ್ಲಿ ವಾರಗಟ್ಟಲೆ ಸೂರ್ಯ ಕಾಣುವುದೇ ಅಪರೂಪ. ಬ್ಯಾಟರಿ ಒಂದೆರಡು ರಾತ್ರಿ ದಾಟಿಸೀತು, ಆಷಾಢ ದಾಟಿಸದು. ಆದರೆ ಆಗಲೇ ಹಳ್ಳ ತುಂಬಿರುತ್ತದೆ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ನೀರನ್ನು ಪೈಪಿನಲ್ಲಿ ಇಳಿಸಿ ಸಣ್ಣ ಟರ್ಬೈನ್ ತಿರುಗಿಸಿದರೆ, ಅರ್ಧ ಶಕ್ತಿ ಸೋರಿದರೂ ಒಂದು ಕಿಲೋವ್ಯಾಟ್ ಸಿಗುತ್ತದೆ, ಅದೂ ಹಗಲೂ ರಾತ್ರಿ. ದಿನಕ್ಕೆ 24 ಯೂನಿಟ್‌ನಷ್ಟಾಯಿತು. ಬೇಸಿಗೆಗೆ ಹಳ್ಳ ಸೊರಗುವಾಗ ಬಿಸಿಲು ಬಂದಿರುತ್ತದೆ. ಜೋಡಿ ಚೆನ್ನಾಗಿದೆ, ಪೈಪಿನ ಬಾಯಿಯ ಜಾಳಿಗೆಗೆ ತರಗೆಲೆ ಕಟ್ಟುವವರೆಗೆ. ಸುರಿವ ಮಳೆಯಲ್ಲಿ ಇಂಬಳ ಕಚ್ಚಿಸಿಕೊಂಡು ಆ ಜಾಳಿಗೆ ಬಿಡಿಸಲು ಯಾರಾದರೂ ಹೋಗಲೇಬೇಕು. ಮನೆಯಲ್ಲಿ ಒಬ್ಬರೇ ಇದ್ದು, ಅವರಿಗೆ ಜ್ವರ ಬಂದರೆ? ಬಯಲಿಗೆ ಹತ್ತಿರದ ಹಳಿಯಾಳ, ಮುಂಡಗೋಡಗಳಲ್ಲಿ ಮಳೆ ಕಡಿಮೆ, ಸೋಲಾರ್‌ಗೆ ಅನುಕೂಲ. ಆದರೆ ಹೀಗೆ ಧುಮುಕುವ ಹಳ್ಳ ಎಲ್ಲರ ಜಮೀನಿನಲ್ಲೂ ಸಿಗದು.

ಗೋಬರ್ ಗ್ಯಾಸ್ ಇದೆಯಲ್ಲ ಎನ್ನಬಹುದು. ಐದಾರು ಜನರ ಅಡುಗೆಗೆ ಬೇಕಾಗುವ 2 ಘನಮೀಟರ್ ಅನಿಲಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಂದರೆ ನಾಲ್ಕೈದು ದನ ಬೇಕು. ದನಕ್ಕೆ ಹುಲ್ಲು, ಹುಲ್ಲಿಗೆ ಬೇಣ, ಅದನ್ನು ಕೊಯ್ಯಲು ಆಳು. ನಾಲ್ಕೆಕರೆಯ ಬೇಲಿಯೊಳಗೆ ಇದೆಲ್ಲ ಹಿಡಿಯುವುದಿಲ್ಲ. ಊಟದ ಲೆಕ್ಕವೂ ಹೀಗೆಯೇ. ಜೋಯಿಡಾದ ಕುಣಬಿ ಸಮುದಾಯದವರು ಭತ್ತದ ಜೊತೆ ಕೆಸುವಿನ ಜಾತಿಯ ಮುಡ್ಲಿಯಂಥ ಬಗೆಬಗೆಯ ಗೆಡ್ಡೆ ಬೆಳೆದು ಬದುಕಿದವರು. ಬೀಜದ ಗೆಡ್ಡೆ ಒಂದು ಮನೆಯಲ್ಲಿ ಹಾಳಾದರೆ ಇನ್ನೊಂದು ಮನೆಯಲ್ಲಿ ಸಿಗುತ್ತದೆ. ಅಷ್ಟಾದರೂ ಉಪ್ಪು, ಬಟ್ಟೆಗೆ ಸಂತೆಗೆ ಹೋಗಲೇಬೇಕಿತ್ತು.

ಒಂಟಿ ಮನೆಗೆ ಆಗದ್ದು ಕೇರಿಗೆ ಆಗುತ್ತದೆ ಎಂದಾದರೆ ಹಳ್ಳಿಯವರೇ ಕರೆಂಟಿಗಾಗಿ ಅರ್ಜಿ ಹಿಡಿದು ಅಲೆಯುವುದೇಕೆ? ಈ ಪ್ರಶ್ನೆ ನ್ಯಾಯವಾದದ್ದೇ. ಮಕ್ಕಳ ಓದಿಗೆ, ಹಿಟ್ಟಿನ ಗಿರಣಿಗೆ, ಪಂಪಿಗೆ ಕರೆಂಟ್ ಬೇಕು. ತಮ್ಮೂರ ನದಿಯಿಂದ ಹುಟ್ಟಿದ ಕರೆಂಟನ್ನು ಕೇಳುವುದರಲ್ಲಿ ತಪ್ಪೇನಿದೆ? ತಂತಿ ಬಂದ ಮಾತ್ರಕ್ಕೆ ಅವರ ಗೆಡ್ಡೆಯ ಹಿತ್ತಿಲು ಹೋಗುವುದಿಲ್ಲ. ಪೇಟೆಯಿಂದ ಬರುವವರು ಸೋಲಾರ್ ಕಂಪನಿಯ ಕೊಟೇಶನ್ ತರಿಸುವ ಮೊದಲು, ಹತ್ತು ಮನೆಗಳಿರುವ ಕೇರಿಯ ಪಕ್ಕ ಜಾಗ ಸಿಗುತ್ತದೆಯೇ ಎಂದು ವಿಚಾರಿಸಿಕೊಳ್ಳಲಿ.