ಕೀಮೋ ಕೊಡುವ ಕೈಗೆ ಎರಡು ಜೊತೆ ಗ್ಲೌಸು

ಕ್ಯಾನ್ಸರ್ ಕೋಶದ ಡಿಎನ್‌ಎ ಕೆಡಿಸುವ ಕೀಮೋ ಔಷಧಗಳಲ್ಲಿ ಅನೇಕವು ಆರೋಗ್ಯವಂತರ ಡಿಎನ್‌ಎಯನ್ನೂ ಬಿಡುವುದಿಲ್ಲ. ಇಂಥದ್ದೇ ಒಂದು ಔಷಧವಾದ ಸೈಕ್ಲೋಫಾಸ್ಫಮೈಡ್‌ನ ವಂಶಮೂಲ ಹುಡುಕಹೊರಟರೆ ಸಿಗುವುದು ಯುದ್ಧದ ಮಸ್ಟರ್ಡ್ ಅನಿಲ!

1979ರಲ್ಲಿ ಫಿನ್ಲೆಂಡಿನ ಸಂಶೋಧಕರು ಇಂಥ ಔಷಧಗಳನ್ನು ರೋಗಿಗಳಿಗೆ ಕೊಡುತ್ತಿದ್ದ ನರ್ಸ್‌ಗಳ ಮೂತ್ರವನ್ನು ಬ್ಯಾಕ್ಟೀರಿಯಾಗಳ ಮೇಲೆ ಪ್ರಯೋಗಿಸಿ ನೋಡಿದರು. ವಂಶವಾಹಿಯನ್ನೇ ಬದಲಿಸುವ ಗುಣ ಅದರಲ್ಲಿತ್ತು. ಔಷಧ ಪಡೆದವರು ರೋಗಿಗಳು, ಗುರುತು ಸಿಕ್ಕಿದ್ದು ಆರೈಕೆ ಮಾಡಿದವರಲ್ಲಿ. ‘ಲ್ಯಾನ್ಸೆಟ್’ ಪತ್ರಿಕೆ ಆ ವರದಿಯನ್ನು ಪ್ರಕಟಿಸಿತು.

ಸೂಜಿ ಚುಚ್ಚಿಕೊಂಡರಷ್ಟೇ ಅಪಾಯ ಎನ್ನುವಂತಿಲ್ಲ. ಬಾಟಲಿಯ ಹೊರಮೈ, ಮೇಜು, ರೋಗಿಯ ಮಲಮೂತ್ರ ಎಲ್ಲೆಡೆಯೂ ಔಷಧದ ಅಂಶ ಇರಬಹುದು. ಕೆಲವು ಚರ್ಮದ ಮೂಲಕವೇ ಒಳಸೇರುತ್ತವೆ. ಹಾಗಾಗಿ ಶೌಚಾಲಯ ತೊಳೆಯುವವರಿಗೂ ರಕ್ಷಣೆ ಬೇಕು. ಅವರನ್ನು ಮರೆಯುವುದೇ ಹೆಚ್ಚು.

2004ರಲ್ಲಿ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು: ಎರಡು ಜೊತೆ ಗ್ಲೌಸು, ದ್ರವ ಇಳಿಯದ ಗೌನು, ಔಷಧ ಬೆರೆಸಲು ಗಾಳಿ ಸೋಸುವ ವಿಶೇಷ ಕ್ಯಾಬಿನೆಟ್ಟು.