ಹತ್ತರೊಡನೆ ಹನ್ನೊಂದು

ತರಗತಿಯಲ್ಲಿ ಹತ್ತು ಕೈಗಳು ಮೇಲೆದ್ದರೆ ಹನ್ನೊಂದನೆಯದೂ ಏಳುವುದನ್ನು ಉಪಾಧ್ಯಾಯಿನಿಯರಾದ ನಾವು ನಿತ್ಯವೂ ಕಾಣುತ್ತೇವೆ. ಇದು ಮಕ್ಕಳ ದೌರ್ಬಲ್ಯ ಮಾತ್ರವಲ್ಲವೆಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸೊಲೊಮನ್ ಆಷ್ ಅವರು 1951ರಲ್ಲಿ ಪ್ರಕಟಿಸಿದ ಪರೀಕ್ಷೆಗಳಿಂದ ತೋರಿಸಿಕೊಟ್ಟರು.

ಕಾಲೇಜಿನ ತರುಣರ ಗುಂಪಿಗೆ ಒಂದು ಗೆರೆಯನ್ನು ತೋರಿಸಿ, ಬೇರೆ ಮೂರು ಗೆರೆಗಳಲ್ಲಿ ಅದರಷ್ಟೇ ಉದ್ದವಾದುದು ಯಾವುದೆಂದು ಅವರು ಒಬ್ಬೊಬ್ಬರನ್ನಾಗಿ ಕೇಳಿದರು. ಸರದಿಯ ಕೊನೆಯ ಕಡೆಗೆ ಕುಳಿತ ಒಬ್ಬನ ಹೊರತು ಉಳಿದವರೆಲ್ಲರೂ, ಮೊದಲೇ ಕಲಿಸಿಕೊಟ್ಟಂತೆ, 18 ಸಲದಲ್ಲಿ 12 ಸಲ ಒಂದೇ ತಪ್ಪುತ್ತರವನ್ನು ನುಡಿದರು. ಹೀಗೆ ಪರೀಕ್ಷಿಸಲ್ಪಟ್ಟವರು ಆ ಸಂದರ್ಭಗಳಲ್ಲಿ ಕೊಟ್ಟ ಉತ್ತರಗಳ ಪೈಕಿ ಸುಮಾರು ಮೂರರಲ್ಲೊಂದು ಪಾಲು ಗುಂಪನ್ನೇ ಅನುಸರಿಸಿದವು. ಕೆಲವರು ತಮ್ಮ ಕಣ್ಣನ್ನೇ ಸಂಶಯಿಸಿದರು. ಕೆಲವರು ನಿಜವನ್ನರಿತೂ ಬೇರೆಯಾಗಿ ಕಾಣುವುದಕ್ಕೆ ಅಂಜಿದರು. ಸುಮಾರು ನಾಲ್ವರಲ್ಲೊಬ್ಬನು ಮಾತ್ರ ಒಮ್ಮೆಯೂ ಮಣಿಯಲಿಲ್ಲ.

ಆದರೆ ಗುಂಪಿನಲ್ಲಿ ಮತ್ತೊಬ್ಬನು ನಿಜವನ್ನಾಡಿದೊಡನೆ ಅಂತಹ ತಪ್ಪುಗಳು ಕಾಲುಭಾಗಕ್ಕೆ ಇಳಿದವು!

“ಎಲ್ಲರಿಗೂ ಒಪ್ಪಿಗೆಯೇ?” ಎಂದು ಕೇಳಿ, ಹುಡುಗಿಯರ ಮೌನವನ್ನು ನಾನೂ ಸಮ್ಮತಿಯೆಂದೆಣಿಸಿದ್ದುಂಟು. ಈಗ ಒಬ್ಬೊಬ್ಬಳ ಉತ್ತರವನ್ನು ಮೊದಲು ಬರೆಯಿಸಿಕೊಂಡು, ಬಳಿಕವೇ ಕೈಯೆತ್ತಿಸುತ್ತೇನೆ. ತಾಯಿತಂದೆಗಳೇ, ಹಳೆಯ ವಿದ್ಯಾರ್ಥಿನಿಯರೇ, ನಾಲ್ಕು ಜನ ಏನೆಂದಾರೆಂದು ಮಗಳನ್ನು ತಡೆಯುವ ಮುನ್ನ ಯೋಚಿಸಿರಿ. ಆಕೆ ನಿಜವನ್ನಾಡಿದಾಗ ಪಕ್ಕದಲ್ಲಿ ನಿಲ್ಲುವ ಆ ಇನ್ನೊಬ್ಬರು ನೀವಾಗಿರಿ.