ಯಂತ್ರವೊಂದು, ಕೈಗಳು ಹಲವು

ಆಂಡರ್ಸನ್‌ಪೇಟೆಯ ನೆರೆಯಲ್ಲಿರುವ ಕೋಲಾರದ ಚಿನ್ನದ ಗಣಿಗಳ ಇತಿಹಾಸದಲ್ಲಿ 1902 ಸ್ಮರಣೀಯವಾದ ವರ್ಷ. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಉತ್ಪಾದನೆಯಾದ ವಿದ್ಯುತ್ತು ಸುಮಾರು 150 ಕಿಲೋಮೀಟರು ದೂರ ತಂತಿಗಳಲ್ಲಿ ಹರಿದು ಆ ವರ್ಷ ಇಲ್ಲಿಗೆ ಬಂದಿತು. ಒಂದೊಂದು ಗಣಿಯೂ ತನಗಾಗಿ ಒಂದೊಂದು ಜಲಪಾತವನ್ನು ಅರಸಬೇಕಾಗಲಿಲ್ಲ. 2001ರಲ್ಲಿ ಇಲ್ಲಿನ ಗಣಿಗಾರಿಕೆ ನಿಂತುಹೋಯಿತು. ಆದರೆ ದುಬಾರಿಯಾದ ಸಾಧನವೊಂದನ್ನು ಹಲವರು ಹಂಚಿಕೊಂಡು ಬಾಳಬಹುದೆಂಬ ಪಾಠ ಇಂದಿಗೂ ಹಳೆಯದಾಗಿಲ್ಲ.

ಗಣಕಯಂತ್ರದ ಜಗತ್ತಿನಲ್ಲಿಯೂ ಈ ವಿಚಾರ ಬಹು ಹಿಂದೆಯೇ ಮೂಡಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು 1961ರಲ್ಲಿ ಒಂದೇ ಯಂತ್ರವನ್ನು ಏಕಕಾಲದಲ್ಲಿ ಹಲವರು ಬಳಸುವ ವಿಧಾನವನ್ನು ಪ್ರದರ್ಶಿಸಿದರು. ಯಂತ್ರವು ತನ್ನ ಕಾಲವನ್ನು ಅತಿ ಸಣ್ಣ ತುಣುಕುಗಳನ್ನಾಗಿ ಮಾಡಿ, ಸರದಿಯಂತೆ ಒಬ್ಬೊಬ್ಬರಿಗೂ ಹಂಚುತ್ತದೆ. ಅದರ ವೇಗ ಅಷ್ಟು ಹೆಚ್ಚಾದ್ದರಿಂದ, ಯಂತ್ರವೆಲ್ಲವೂ ತನ್ನದೇ ಎಂದು ಪ್ರತಿಯೊಬ್ಬರಿಗೂ ತೋರುತ್ತದೆ.

ಆದರೆ ಬಡ ಶಾಲೆಗಳ ಸಮಸ್ಯೆ ಬೇರೆಯದು. ಅಲ್ಲಿ ಒಂದು ಗಣಕಯಂತ್ರದ ಸುತ್ತ ಹಲವು ಮಕ್ಕಳು ನೆರೆಯುತ್ತಾರೆ. ಇರುವುದು ಒಂದೇ ತೆರೆ, ಒಂದೇ ಮೌಸ್. ಚುರುಕಾದ ಅಥವಾ ಜೋರಿನ ಮಗುವೊಂದು ಮೌಸನ್ನು ಕೈಬಿಡುವುದಿಲ್ಲ. ಉಳಿದವರು ಕೇವಲ ಪ್ರೇಕ್ಷಕರಾಗುತ್ತಾರೆ. ಬೆಂಗಳೂರಿನಲ್ಲಿ 2005ರಲ್ಲಿ ಸ್ಥಾಪಿತವಾದ ಮೈಕ್ರೋಸಾಫ್ಟ್ ಸಂಶೋಧನಾಲಯದ ಉದಯ್ ಸಿಂಗ್ ಪವಾರ್, ಜೊಯೊಜೀತ್ ಪಾಲ್, ಕೆಂಟಾರೊ ಟೊಯಾಮಾ ಮೊದಲಾದವರು ಇದಕ್ಕೆ ಸರಳವಾದ ಪರಿಹಾರವನ್ನು ಯೋಚಿಸಿದರು. ಪ್ರತಿ ಮಗುವಿಗೂ ಒಂದು ಗಣಕಯಂತ್ರವನ್ನು ಕೊಡುವುದು ಕಷ್ಟ. ಪ್ರತಿ ಮಗುವಿಗೂ ಒಂದು ಮೌಸನ್ನು ಕೊಡುವುದು ಅಷ್ಟು ಕಷ್ಟವಲ್ಲ.

ಇದು ಸಾಧ್ಯವಾಗುವ ಬಗೆಯನ್ನು ನೋಡೋಣ. ಸಾಮಾನ್ಯ ಯಂತ್ರಕ್ಕೆ ಎರಡು ಮೌಸುಗಳನ್ನು ಜೋಡಿಸಿದರೆ, ಎರಡೂ ಒಂದೇ ಬಾಣದ ಗುರುತನ್ನು ಎಳೆದಾಡುತ್ತವೆ. ಆದರೆ ಯಾವ ಚಲನೆ ಯಾವ ಮೌಸಿನಿಂದ ಬಂದಿತೆಂಬುದನ್ನು ಯಂತ್ರವು ಗುರುತಿಸಬಲ್ಲದು. ಆ ಗುರುತನ್ನು ಕಾಯ್ದುಕೊಂಡು, ಪ್ರತಿ ಮೌಸಿಗೂ ಪ್ರತ್ಯೇಕ ಬಣ್ಣದ ಬಾಣವನ್ನು ತೆರೆಯ ಮೇಲೆ ಚಿತ್ರಿಸುವಂತೆ ಕ್ರಮವಿಧಿಯನ್ನು ರಚಿಸಿದರಾಯಿತು. ಕೆಂಪು ಬಾಣ ಒಬ್ಬಳದು, ನೀಲಿ ಬಾಣ ಮತ್ತೊಬ್ಬನದು. ಒಬ್ಬೊಬ್ಬರಿಗೂ ಬೇರೆ ಬೇರೆ ತೆರೆ, ಕೀಲಿಮಣೆ ಹಾಗೂ ಮೌಸುಗಳನ್ನು ಒದಗಿಸಿ ಒಂದೇ ಯಂತ್ರವನ್ನು ಹಲವು ಆಸನಗಳಿಗೆ ಹಂಚುವ ಪದ್ಧತಿಯೂ ಉಂಟು. ಅದಕ್ಕೆ ವೆಚ್ಚ ಹೆಚ್ಚು.

ಮೌಸುಗಳು ಹೆಚ್ಚಿದ ಮಾತ್ರಕ್ಕೆ ಕಲಿಕೆ ಹೆಚ್ಚುವುದೆ? ಸಂಶೋಧಕರು ಗ್ರಾಮೀಣ ಶಾಲೆಗಳ ಮಕ್ಕಳಿಗೆ ಇಂಗ್ಲಿಷ್ ಪದಗಳನ್ನು ಕಲಿಸಿ ಇದನ್ನು ಪರೀಕ್ಷಿಸಿದರು. ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಒಂದು ಆಟದಲ್ಲಿ, ಮೊದಲು ಸರಿಯುತ್ತರವನ್ನು ಒತ್ತಿದವರೇ ಎಲ್ಲರನ್ನೂ ಮುಂದಕ್ಕೆ ಕೊಂಡೊಯ್ಯುತ್ತಿದ್ದರು. ಇನ್ನೊಂದರಲ್ಲಿ, ಎಲ್ಲರೂ ಉತ್ತರವನ್ನು ಸೂಚಿಸಿದ ಮೇಲಷ್ಟೇ ಮುಂದಿನ ಪದ ಬರುತ್ತಿತ್ತು. ಮೊದಲನೆಯದರಲ್ಲಿ ಹುಡುಗರು ಗೆಲ್ಲುವ ಆತುರದಿಂದ ಸಿಕ್ಕಿದ್ದನ್ನೆಲ್ಲ ಒತ್ತಿದರು. ಅವರ ಕಲಿಕೆ ಹಿಂದೆ ಬಿದ್ದಿತು. ಎರಡನೆಯದರಲ್ಲಿ ಮಕ್ಕಳು ತಮ್ಮತಮ್ಮಲ್ಲಿ ಮಾತಾಡಿಕೊಂಡು ಒಮ್ಮತಕ್ಕೆ ಬರಬೇಕಾಯಿತು. ಇಡೀ ಯಂತ್ರವನ್ನು ಒಂಟಿಯಾಗಿ ಬಳಸಿದ ಮಗು ಎಷ್ಟು ಕಲಿಯಿತೋ, ಇವರೂ ಹೆಚ್ಚುಕಡಿಮೆ ಅಷ್ಟೇ ಕಲಿತರು.

ಒಂದು ವಸ್ತುವನ್ನು ಹಂಚಿಕೊಳ್ಳುವುದೆಂದರೆ ಅದರ ಸುತ್ತ ಗುಂಪುಗೂಡುವುದಲ್ಲ. ಪ್ರತಿಯೊಬ್ಬರ ಕೈಗೂ ಕೆಲಸ ಸಿಗಬೇಕು; ಹಿಂದೆ ಉಳಿದವರಿಗಾಗಿ ಮುಂದಿನವರು ಕಾಯುವ ನಿಯಮವಿರಬೇಕು. ಮೊದಲನೆಯದನ್ನು ತಂತ್ರಜ್ಞಾನ ಒದಗಿಸಬಲ್ಲದು. ಎರಡನೆಯದನ್ನು ಮನುಷ್ಯನ ವಿವೇಕವೇ ರೂಪಿಸಬೇಕು.